ಸೋಲುವವರಿಗೆ ಹಾಕಿದ ಓಟು

"ಓಟು ಹಾಳು ಮಾಡ್ಕೋಬೇಡಮ್ಮ." ಈ ಮಾತನ್ನು ಕೇಳದ ಹೆಂಗಸು ನಮ್ಮ ಕಡೆ ಇರಲಾರಳು. ಚುನಾವಣೆಗೆ ಇನ್ನೆರಡು ದಿನ ಎನ್ನುವಾಗ ಮಾವನವರು ಹೇಳುತ್ತಾರೆ, ಹಾಲಿನ ಡೇರಿಯ ಹತ್ತಿರ ಕ್ಯಾನು ಇಟ್ಟುಕೊಂಡು ನಿಂತ ಹಿರಿಯರು ಹೇಳುತ್ತಾರೆ, ಸ್ತ್ರೀಶಕ್ತಿ ಸಂಘದ ಅಕ್ಕಂದಿರೂ ಹೇಳುತ್ತಾರೆ. ಗೌರಿಬಿದನೂರಿನ ಒಂದು ಮನೆಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನೇ ಚಿಂತಾಮಣಿಯ ಇನ್ನೊಂದು ಮನೆಯಲ್ಲಿ ತೆಲುಗಿನಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಗೆಲ್ಲುವ ಇಬ್ಬರಲ್ಲಿ ಯಾರಿಗಾದರೂ ಹಾಕು, ಮೂರನೆಯವರ ಕಡೆ ಕಣ್ಣೆತ್ತಿ ನೋಡಬೇಡ ಎಂಬುದು ಅದರ ಅರ್ಥ.

ಹಾಳು ಎಂದರೇನು ಎಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳಿ ಮಿಕ್ಕಿದ ಹಿಟ್ಟು, ಬೂಷ್ಟು ಹಿಡಿದ ಉಪ್ಪಿನಕಾಯಿ, ಒಡೆದ ಹಾಲು. ಆದರೆ ನೋಡಿ, ಒಡೆದ ಹಾಲನ್ನೂ ನಾವು ಬಚ್ಚಲಿಗೆ ಸುರಿಯುವುದಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಕುದಿಸಿ ಮಕ್ಕಳ ಕೈಗೆ ಕೊಡುತ್ತೇವೆ. ಒಂದು ವಸ್ತು ಹಾಳಾಯಿತು ಎನ್ನಬೇಕಾದರೆ ಅದು ಯಾವುದಕ್ಕಾಗಿ ಇತ್ತು ಎಂಬುದು ಮೊದಲು ಗೊತ್ತಿರಬೇಕು. ಓಟು ಯಾವುದಕ್ಕಾಗಿ ಇದೆ? ಗೆಲ್ಲುವ ಕುದುರೆಯ ಮೇಲೆ ದುಡ್ಡು ಕಟ್ಟುವ ಹಾಗೆ ಗೆಲ್ಲುವವರ ಮೇಲೆ ಕಟ್ಟುವುದಕ್ಕೋ, ನನಗೆ ಬೇಕಾದವರು ಇವರು ಎಂದು ಹೇಳುವುದಕ್ಕೋ?

ನಾನು ಪದವಿಪೂರ್ವ ತರಗತಿಗೆ ರಾಜ್ಯಶಾಸ್ತ್ರ ಪಾಠ ಹೇಳುವವಳು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳು ನನ್ನ ಮುಂದೆ ಕೂತಿರುತ್ತಾರೆ. ಇನ್ನೊಂದು ವರ್ಷದಲ್ಲಿ ಅವರೆಲ್ಲರಿಗೂ ಓಟು ಬರುತ್ತದೆ. 2024ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ನಡೆದಾಗ ಪಾಠದ ನಡುವೆ ಅದರ ಮಾತು ಬಂತು. ಕಮಲಾ ಹ್ಯಾರಿಸ್ ಅವರ ತಾಯಿ ತಮಿಳುನಾಡಿನ ಕಡೆಯವರು ಎಂಬುದರಿಂದ ಹುಡುಗಿಯರಿಗೆ ಸ್ವಲ್ಪ ಹೆಚ್ಚೇ ಕುತೂಹಲ. "ಅಷ್ಟು ದೊಡ್ಡ ದೇಶದಾಗೆ ಎರಡೇ ಪಾರ್ಟಿನಾ ಮಿಸ್? ನಮ್ಮಲ್ಲಾದ್ರೆ ತಾಲ್ಲೂಕಿಗೇ ಐದಿರ್ತವೆ" ಎಂದು ಒಬ್ಬಳು ಕೇಳಿದಳು. ಎರಡೇ ಅಲ್ಲ, ಇನ್ನೂ ಇವೆ, ಪಕ್ಷವೇ ಇಲ್ಲದೆ ನಿಲ್ಲುವವರೂ ಇದ್ದಾರೆ ಎಂದೆ. "ಅವರು ಗೆಲ್ತಾರಾ?" ಇಲ್ಲ ಎಂದೆ. "ಮತ್ತೆ ಯಾಕೆ ನಿಲ್ತಾರೆ? ಜನ ಯಾಕೆ ಹಾಕ್ತಾರೆ?"

ಮಾವನವರ ಮಾತನ್ನೇ ಆ ಹುಡುಗಿ ಪ್ರಶ್ನೆಯ ರೂಪದಲ್ಲಿ ನನ್ನ ಮುಂದಿಟ್ಟಿದ್ದಳು. ಪಠ್ಯಪುಸ್ತಕಗಳಲ್ಲಿ ಪಕ್ಷೇತರರಿಗೆ ಸಿಗುವುದು ಒಂದೆರಡು ಸಾಲು. ಪರೀಕ್ಷೆಗೆ ಅಷ್ಟು ಸಾಕು. ಆ ಮಕ್ಕಳಿಗೆ ಸಾಲದು ಎನಿಸಿ ಎರಡು ಪೀರಿಯಡ್ಡು ಅದಕ್ಕೇ ಕೊಟ್ಟೆ. ಅಲ್ಲಿಂದ ಹುಟ್ಟಿದ ಯೋಚನೆಗಳಿವು.

ಮೊದಲು ಅಮೆರಿಕದ ಲೆಕ್ಕ. ಅಲ್ಲಿ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ, ಒಂದು ರಾಜ್ಯದಲ್ಲಿ ಯಾರಿಗೆ ಹೆಚ್ಚು ಓಟೋ ಆ ರಾಜ್ಯದ ಚುನಾಯಕರೆಲ್ಲ ಅವರಿಗೇ. ಎರಡನೆಯವರಿಗೂ ಏನೂ ಇಲ್ಲ, ಮೂರನೆಯವರಿಗಂತೂ ಕೇಳಲೇ ಬೇಡಿ. 1992ರಲ್ಲಿ ರಾಸ್ ಪೆರೋ ಎಂಬ ಶ್ರೀಮಂತ ವ್ಯಾಪಾರಿ ಪಕ್ಷೇತರನಾಗಿ ನಿಂತು ನೂರಕ್ಕೆ ಹತ್ತೊಂಬತ್ತರಷ್ಟು ಓಟು ಪಡೆದರು. ಹತ್ತಿರ ಹತ್ತಿರ ಎರಡು ಕೋಟಿ ಜನ. ಆದರೆ ಅವರಿಗೆ ಸಿಕ್ಕ ಚುನಾಯಕರ ಸಂಖ್ಯೆ ಸೊನ್ನೆ. 2000ದಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಓಟುಗಳಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ 97 ಸಾವಿರಕ್ಕೂ ಹೆಚ್ಚು ಓಟು ಬಿದ್ದಿತ್ತು. ಆ ಓಟುಗಳಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚಿಗೆ ಆಲ್ ಗೋರ್ ಕಡೆ ಹೋಗಿದ್ದರೂ ಅಧ್ಯಕ್ಷರೇ ಬೇರೆಯಾಗುತ್ತಿದ್ದರು. ಆಮೇಲೆ ಬಹಳ ವರ್ಷ ಅಲ್ಲಿನ ಜನ ನೇಡರ್ ಅವರನ್ನು ಬೈದರು. ಮನೆ ಮುರುಕ ಎಂದು ನಾವು ಬೈಯುವ ಧಾಟಿಯಲ್ಲೇ.

ನನ್ನನ್ನು ಹೆಚ್ಚು ಕಾಡಿದ್ದು ಇದಲ್ಲ, 1844ರ ಕಥೆ. ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯ ಜನರನ್ನು ಸಂತೆಯಲ್ಲಿ ದನ ಮಾರುವಂತೆ ಮಾರುತ್ತಿದ್ದರು. ಎರಡು ದೊಡ್ಡ ಪಕ್ಷಗಳೂ ಆ ವಿಷಯ ಬಂದರೆ ಬಾಯಿ ಬಿಡುತ್ತಿರಲಿಲ್ಲ, ಎರಡು ಕಡೆಯ ಓಟೂ ಬೇಕಲ್ಲ. ಆಗ ಕೆಲವರು ಲಿಬರ್ಟಿ ಪಾರ್ಟಿ ಎಂಬ ಸಣ್ಣ ಪಕ್ಷ ಕಟ್ಟಿ, ಗುಲಾಮಗಿರಿ ಹೋಗಬೇಕು ಎಂಬ ಒಂದೇ ಮಾತಿಟ್ಟುಕೊಂಡು ಜೇಮ್ಸ್ ಬರ್ನಿ ಎಂಬುವರನ್ನು ನಿಲ್ಲಿಸಿದರು. ಇಡೀ ದೇಶದಲ್ಲಿ ಅವರಿಗೆ ಬಂದದ್ದು ನೂರಕ್ಕೆ ಎರಡು ಚಿಲ್ಲರೆ ಓಟು. ಆದರೆ ನ್ಯೂಯಾರ್ಕ್ ರಾಜ್ಯದಲ್ಲಿ ಅವರು ಪಡೆದದ್ದು ಸುಮಾರು 15,800. ಅಲ್ಲಿ ಜೇಮ್ಸ್ ಪೋಕ್ ಹೆನ್ರಿ ಕ್ಲೇ ಅವರನ್ನು ಸೋಲಿಸಿದ್ದು ಸುಮಾರು ಐದು ಸಾವಿರದಿಂದ, ಅಧ್ಯಕ್ಷಗಿರಿ ತೀರ್ಮಾನವಾದದ್ದೂ ಆ ರಾಜ್ಯದಿಂದಲೇ. ಪೋಕ್ ಗುಲಾಮರನ್ನು ಇಟ್ಟುಕೊಂಡಿದ್ದ ಮನುಷ್ಯ. ಕ್ಲೇ ಕೂಡ ಇಟ್ಟುಕೊಂಡಿದ್ದವರೇ, ಆದರೆ ಟೆಕ್ಸಾಸನ್ನು ಅವಸರದಲ್ಲಿ ಸೇರಿಸಿಕೊಳ್ಳುವುದು ಬೇಡ ಎನ್ನುತ್ತಿದ್ದವರು. 1845ರಲ್ಲಿ ಟೆಕ್ಸಾಸ್ ಗುಲಾಮಗಿರಿಯ ರಾಜ್ಯವಾಗಿಯೇ ಒಕ್ಕೂಟಕ್ಕೆ ಸೇರಿತು. ಗುಲಾಮಗಿರಿ ಹೋಗಲಿ ಎಂದು ಹಾಕಿದ ಓಟು ಗುಲಾಮಗಿರಿಯ ಬೇಲಿಯನ್ನು ಇನ್ನಷ್ಟು ಆಚೆಗೆ ಸರಿಸಿತು.

ಇಲ್ಲಿಗೇ ನಿಲ್ಲಿಸಿದರೆ ಮಾವನವರ ಮಾತೇ ಸರಿ. ಆದರೆ ಕಥೆ ಮುಂದುವರಿಯುತ್ತದೆ. ಆ ಪಕ್ಷ ಮುಳುಗಿತು, ಅದರ ಜನ ಉಳಿದರು. 1848ರಲ್ಲಿ ಇನ್ನೊಂದು ಪಕ್ಷ ಮಾಡಿದರು, ಅದೂ ಸೋತಿತು. 1854ರಲ್ಲಿ ಅವರೂ ಇತರರೂ ಸೇರಿ ರಿಪಬ್ಲಿಕನ್ ಪಾರ್ಟಿ ಎಂಬ ಹೊಸದನ್ನು ಕಟ್ಟಿದರು. 1860ರಲ್ಲಿ ಆ ಪಕ್ಷದ ಅಬ್ರಹಾಂ ಲಿಂಕನ್ ಗೆದ್ದರು. 1865ರಲ್ಲಿ ಗುಲಾಮಗಿರಿ ಸಂವಿಧಾನದಿಂದಲೇ ರದ್ದಾಯಿತು. ಮಧ್ಯೆ ಒಂದು ದೊಡ್ಡ ಯುದ್ಧವೇ ನಡೆಯಬೇಕಾಯಿತು, ಓಟಿನಿಂದ ಮಾತ್ರ ಆದದ್ದು ಅಂತ ನಾನು ಹೇಳುವುದಿಲ್ಲ. ಆದರೂ 1844ರ ಆ 15,800 ಜನ ಬುದ್ಧಿವಂತರಾಗಿ, ಗೆಲ್ಲುವ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡಿದ್ದರೆ, ಈ ವಿಷಯಕ್ಕೂ ಓಟಿದೆ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಒಂದೇ ಓಟು ಹಾಳೂ ಹೌದು, ಬೀಜವೂ ಹೌದು. ಹಾಕುವ ದಿನ ಯಾವುದೆಂದು ಹೇಳುವವರಾರು?

ತರಗತಿಯಲ್ಲಿ ಇಷ್ಟು ಹೇಳಿ ಒಂದು ಪ್ರಶ್ನೆ ಕೇಳಿದೆ: ನೀವು ನ್ಯೂಯಾರ್ಕಿನಲ್ಲಿದ್ದಿದ್ದರೆ ಯಾರಿಗೆ ಹಾಕುತ್ತಿದ್ದಿರಿ? ಹುಡುಗರು ಬಹುಪಾಲು ಬರ್ನಿ ಎಂದರು. ವಯಸ್ಸು ಅಂಥದ್ದು, ಸೋತರೂ ಸರಿ ತಲೆ ಬಾಗಿಸಬಾರದು ಎನ್ನುವ ವಯಸ್ಸು. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಅವರೆಲ್ಲ ಬಿಳಿಯರು ತಾನೆ ಮಿಸ್? ಅವರಿಗೇನು ಹೋಯ್ತು? ಟೆಕ್ಸಾಸಿನಾಗೆ ಏಟು ತಿಂದಿದ್ದು ಬೇರೆಯೋರು" ಎಂದಳು.

ಆ ಮಾತು ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಆತ್ಮಸಾಕ್ಷಿಯ ಓಟು ಎಂದು ನಾವು ಹೆಮ್ಮೆಪಡುತ್ತೇವಲ್ಲ, ಅದರ ಬೆಲೆ ತೆರುವವರು ಯಾರು? ನನ್ನ ಮಟ್ಟಿಗೆ ಪ್ರಶ್ನೆ ಇರುವುದು ಇಲ್ಲಿ. ನಾನು ನೇಮವಾಗಿ ನಡೆದುಕೊಂಡು ಅದರ ನಷ್ಟವನ್ನು ನಾನೇ ಹೊತ್ತರೆ ಅದು ವ್ರತ. ನಾನು ಉಪವಾಸ ಮಾಡಿ ಪಕ್ಕದ ಮನೆಯ ಮಗು ಹಸಿದರೆ ಅದಕ್ಕೆ ಏನು ಹೆಸರು? ಆ ಹುಡುಗಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಗೂಡು ತರುತ್ತಾರೆ. ಅಲ್ಲಿ ಹರಾಜಿನಲ್ಲಿ ರೀಲರು ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು. ಹಕ್ಕು ಇದೆ. ಆದರೆ ಚಂದ್ರಿಕೆಯಿಂದ ಬಿಡಿಸಿದ ಗೂಡು ಎಷ್ಟು ದಿನ ಕಾಯುತ್ತದೆ? ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬಂದರೆ ನೂಲು ಬಾರದು. ಸಾಲ ಇಲ್ಲದವನು ಇನ್ನೊಂದು ಸುತ್ತು ಕಾಯುತ್ತಾನೆ, ಸಾಲ ಇದ್ದವನು ಸಿಕ್ಕ ಬೆಲೆಗೆ ಕೊಟ್ಟು ಮನೆಗೆ ಹೋಗುತ್ತಾನೆ. ಬೇಡ ಎನ್ನುವ ಹಕ್ಕು ಇಬ್ಬರಿಗೂ ಒಂದೇ, ಬೇಡ ಎನ್ನುವ ಶಕ್ತಿ ಒಂದೇ ಅಲ್ಲ.

2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಮತಯಂತ್ರದ ಕೊನೆಗೆ ನೋಟಾ ಬಂತು, ಮೇಲಿನ ಯಾರೂ ಬೇಡ ಎನ್ನುವ ಗುಂಡಿ. ನನ್ನಂಥ ಸಂಬಳದವಳು ಅದನ್ನು ಒತ್ತಿ ಹೊರಗೆ ಬಂದು ಬೆರಳಿನ ಶಾಯಿ ನೋಡಿಕೊಂಡು ಸಂತೋಷಪಡಬಹುದು. ವಿಧವಾ ವೇತನದ ಅರ್ಜಿ ತಾಲ್ಲೂಕು ಕಛೇರಿಯಲ್ಲಿ ನಿಂತಿರುವವಳು, ಆಶ್ರಯ ಮನೆಯ ಪಟ್ಟಿಯಲ್ಲಿ ಹೆಸರು ಬರಬೇಕಾದವಳು, ಗೆಲ್ಲುವವರು ಯಾರು ಎಂದು ಮೊದಲು ಕೇಳಿದರೆ ಅದನ್ನು ಹೇಡಿತನ ಎನ್ನುವ ಬಾಯಿ ನನಗಿಲ್ಲ. ಆಕೆಗೆ ಎಂ.ಎಲ್.ಎ. ಎಂದರೆ ಒಂದು ಬಾಗಿಲು. ಮುಚ್ಚಿದ ಬಾಗಿಲಿಗೆ ನಮಸ್ಕಾರ ಹಾಕಿ ಏನು ಮಾಡಿಯಾಳು?

ಹಾಗೆಂದು ಬಡವರೆಲ್ಲ ಲೆಕ್ಕ ಹಾಕಿಯೇ ಓಟು ಕೊಡುತ್ತಾರೆ ಎಂದರೂ ತಪ್ಪಾಗುತ್ತದೆ. ನಮ್ಮ ಜಿಲ್ಲೆಯನ್ನೇ ನೋಡಿ. ಗೆಲ್ಲಲಾರದವರು ಎಂದು ಪಟ್ಟಣದವರು ಬದಿಗಿಟ್ಟವರನ್ನು ಗೆಲ್ಲಿಸಿ ತೋರಿಸಿದ ಊರುಗಳಿವು. ಆಂಧ್ರದ ಗಡಿಯ ಬಾಗೇಪಲ್ಲಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲೂ 2004ರಲ್ಲೂ ಗೆದ್ದರು. 2013ರಲ್ಲಿ ಅದೇ ಕ್ಷೇತ್ರ ಎಸ್.ಎನ್. ಸುಬ್ಬಾರೆಡ್ಡಿ ಅವರನ್ನು ಪಕ್ಷೇತರರಾಗಿ ಕಳಿಸಿತು. ಗೌರಿಬಿದನೂರಿನದು ಇನ್ನೂ ಸ್ವಾರಸ್ಯ. 1999ರಲ್ಲಿ ಎನ್.ಎಚ್. ಶಿವಶಂಕರ ರೆಡ್ಡಿ ಪಕ್ಷೇತರರಾಗಿ ಗೆದ್ದು ಬಂದರು. ಆಮೇಲೆ ಕಾಂಗ್ರೆಸ್ಸಿನಿಂದ ಒಂದಾದ ಮೇಲೊಂದು ಚುನಾವಣೆ ಗೆದ್ದರು, ವಿಧಾನಸಭೆಯ ಉಪಾಧ್ಯಕ್ಷರಾದರು, ಕೃಷಿ ಸಚಿವರಾದರು. ಕಡೆಗೆ 2023ರಲ್ಲಿ ಅವರನ್ನು ಸೋಲಿಸಿದವರು ಯಾರು? ಇನ್ನೊಬ್ಬ ಪಕ್ಷೇತರ, ಕೆ.ಎಚ್. ಪುಟ್ಟಸ್ವಾಮಿಗೌಡ. ಬಂದ ಬಾಗಿಲಲ್ಲೇ ಹೊರಗೆ ಹೋದ ಹಾಗಾಯಿತು. ಚಿಂತಾಮಣಿಯಲ್ಲಿ ಕಾಂಗ್ರೆಸ್ಸಿನಿಂದ ಎರಡು ಸಲ ಗೆದ್ದಿದ್ದ ಡಾ. ಎಂ.ಸಿ. ಸುಧಾಕರ್ 2018ರಲ್ಲಿ ಭಾರತೀಯ ಪ್ರಜಾ ಪಕ್ಷ ಎಂಬ ಹೆಸರಿನಿಂದ ನಿಂತರು. ಅಲ್ಲಿಯವರೆಗೆ ಆ ಪಕ್ಷದ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದರೋ ಕಾಣೆ, ಆದರೂ ಅವರು ಎರಡನೆಯವರಾಗಿ ನಿಂತರು. 2023ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ ಗೆದ್ದು ಉನ್ನತ ಶಿಕ್ಷಣ ಸಚಿವರಾದರು.

ಇದನ್ನು ಹೇಳಿದಾಗ ಮಕ್ಕಳ ಮುಖ ಅರಳಿತು. ಅಮೆರಿಕದಲ್ಲಿ ಆಗದ್ದು ನಮ್ಮ ಗೌರಿಬಿದನೂರಿನಲ್ಲಿ ಆಗಿದೆ ಎಂದರೆ ಸುಮ್ಮನೆಯೇ! ಆದರೆ ಪಾಠ ಹೇಳುವವಳು ಅಲ್ಲಿಗೇ ಬಿಟ್ಟರೆ ಅರ್ಧ ಹೇಳಿದಂತೆ. ನಮ್ಮ ಪಕ್ಷೇತರರಲ್ಲಿ ಬಹಳಷ್ಟು ಮಂದಿ ಒಂದು ಪಕ್ಷದ ಟಿಕೆಟ್ಟು ಕೈತಪ್ಪಿದವರು. ಟಿಕೆಟ್ಟು ಸಿಕ್ಕಿದ್ದರೆ ಅವರೂ ಪಕ್ಷದವರೇ. ಇನ್ನು ಕೆಲವರಿಗೆ ಸ್ವಂತ ಹಣವಿದೆ, ಸ್ವಂತ ಜನವಿದೆ, ಪಕ್ಷದ ಹಂಗು ಬೇಕಿಲ್ಲ. ಒಂದು ಮಾತನ್ನು ಹಿಡಿದು, ಅದಕ್ಕಾಗಿ ಸೋಲಲು ಸಿದ್ಧರಾಗಿ ನಿಂತವರು ಬೇರೆಯೇ ಜಾತಿ. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ನಮ್ಮ ರಾಜ್ಯದಲ್ಲಿ ಎಂದೂ ಸರ್ಕಾರ ಮಾಡಲಿಲ್ಲ. 1951ರ ಕಾಗೋಡು ಸತ್ಯಾಗ್ರಹದಿಂದ ಅವರ ಕಡೆಯವರು ಹೇಳುತ್ತಲೇ ಬಂದದ್ದು, ಉಳುವವನಿಗೆ ಭೂಮಿ ಎಂದು. ಆ ಕಾನೂನನ್ನು 1974ರಲ್ಲಿ ಗಟ್ಟಿಯಾಗಿ ತಂದವರು ಕಾಂಗ್ರೆಸ್ಸಿನ ದೇವರಾಜ ಅರಸರು. ಅಷ್ಟು ಹೊತ್ತಿಗೆ ಗೋಪಾಲಗೌಡರು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಸಮಾಜವಾದಿಗಳಿಗೆ ಹಾಕಿದ ಓಟು ಹಾಳಾಯಿತೇ? ಜಮೀನು ಸಿಕ್ಕಿದ ಗೇಣಿದಾರನ ಮನೆಯಲ್ಲಿ ಕೇಳಿ ನೋಡಬೇಕು.

ಗೆದ್ದ ಪಕ್ಷೇತರರು ಏನು ಮಾಡುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. 1985ರ ಪಕ್ಷಾಂತರ ಕಾಯಿದೆ ಪ್ರಕಾರ ಪಕ್ಷೇತರರಾಗಿ ಗೆದ್ದವರು ಆಮೇಲೆ ಒಂದು ಪಕ್ಷಕ್ಕೆ ಸೇರಿದರೆ ಸ್ಥಾನ ಹೋಗುತ್ತದೆ. ಆದರೆ ಸೇರದೆ ಬೆಂಬಲ ಕೊಡಬಹುದು, ಮಂತ್ರಿಯೂ ಆಗಬಹುದು. ನಮ್ಮ ಪಕ್ಕದ ಮುಳಬಾಗಿಲಿನಲ್ಲಿ 2018ರಲ್ಲಿ ಪಕ್ಷೇತರರಾಗಿ ಗೆದ್ದ ಎಚ್. ನಾಗೇಶ್ 2019ರ ಜೂನಿನಲ್ಲಿ ಸಮ್ಮಿಶ್ರ ಸರ್ಕಾರದ ಮಂತ್ರಿ, ಜುಲೈನಲ್ಲಿ ರಾಜೀನಾಮೆ, ಆಗಸ್ಟಿನಲ್ಲಿ ಅದರ ಎದುರಾಳಿ ಸರ್ಕಾರದ ಮಂತ್ರಿ. ಕಾನೂನು ಪ್ರಕಾರ ಎಲ್ಲ ಸರಿ. ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅಂಬರೀಶ್ ಮುಖ್ಯಮಂತ್ರಿಯ ಮಗನನ್ನೇ 1,25,876 ಓಟುಗಳಿಂದ ಸೋಲಿಸಿ ಲೋಕಸಭೆಗೆ ಹೋದರು. ಅವರ ಹೆಸರನ್ನೇ ಹೊತ್ತ ಇನ್ನೂ ಮೂವರು ಸುಮಲತಾರು ಕಣದಲ್ಲಿದ್ದರು, ಜನ ಗಲಿಬಿಲಿಯಾಗಲಿ ಎಂದು. ಜನ ಗಲಿಬಿಲಿಯಾಗಲಿಲ್ಲ, ಕಹಳೆ ಊದುವ ರೈತನ ಗುರುತನ್ನು ಹುಡುಕಿ ಒತ್ತಿದರು. ನಮ್ಮ ಹೆಂಗಸರಿಗೆ ಅದು ತಮ್ಮದೇ ಗೆಲುವು ಎನಿಸಿತ್ತು. ಆ ಕ್ಷೇತ್ರದಲ್ಲಿ ಬಿಜೆಪಿ ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲಿಸಿತ್ತು ಎಂಬುದೂ ನಿಜ, 2024ರಲ್ಲಿ ಅವರು ಆ ಪಕ್ಷವನ್ನೇ ಸೇರಿದ್ದೂ ನಿಜ.

ಮಕ್ಕಳು ಇದಕ್ಕೆ ಮೋಸ ಎಂದರು. ನಾನು ಅಷ್ಟು ಬೇಗ ಹೇಳಲಾರೆ. ಒಬ್ಬಂಟಿ ಶಾಸಕ ಸರ್ಕಾರದ ಹತ್ತಿರ ಹೋಗದೆ ಕೂತರೆ ಕ್ಷೇತ್ರದ ರಸ್ತೆ, ಕೆರೆ, ಕೊಳವೆಬಾವಿ ಯಾರು ಕೇಳುತ್ತಾರೆ? ಗಂಡನ ಮನೆ ಬಿಟ್ಟು ತನ್ನ ಕಾಲ ಮೇಲೆ ನಿಲ್ಲುತ್ತೇನೆ ಎಂದು ಬಂದ ಹೆಣ್ಣುಮಗಳು ಬಾಡಿಗೆ ಮನೆಗಾಗಿ ಯಾರನ್ನಾದರೂ ಕೇಳಲೇಬೇಕಲ್ಲ, ಹಾಗೆ. ಸ್ವತಂತ್ರ ಎಂದರೆ ಯಾರ ಹತ್ತಿರವೂ ಹೋಗದವರು ಎಂದಲ್ಲ. ಯಾರ ಹತ್ತಿರ, ಯಾತಕ್ಕೆ ಹೋದೆ ಎಂದು ತನ್ನನ್ನು ಕಳಿಸಿದವರಿಗೆ ಹೇಳಬೇಕಾದವರು. ಪಕ್ಷದವರಿಗೆ ಮೇಲಿನವರು ಹೇಳಿದರು ಎಂಬ ನೆಪವಾದರೂ ಇದೆ. ಇವರಿಗೆ ಆ ನೆಪವಿಲ್ಲ. ಹಾಗೆ ಬಂದು ಹೇಳುವವರು ಎಷ್ಟು ಮಂದಿ ಎಂದು ಕೇಳಿದರೆ, ನಾನಂತೂ ನೋಡಿಲ್ಲ.

ನಿಲ್ಲುವುದಕ್ಕೇ ಎಷ್ಟು ಅಡ್ಡಿ ಎಂಬುದನ್ನೂ ಮಕ್ಕಳಿಗೆ ಹೇಳಿದೆ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ವಿಧಾನಸಭೆಗೆ ಹತ್ತು ಸಾವಿರ ರೂಪಾಯಿ ಠೇವಣಿ, ಪರಿಶಿಷ್ಟರಿಗೆ ಐದು ಸಾವಿರ. ಬಿದ್ದ ಓಟಿನಲ್ಲಿ ಆರನೆಯ ಒಂದು ಭಾಗ ದಾಟದಿದ್ದರೆ ಠೇವಣಿ ಹೋಯಿತು. ಯಂತ್ರದ ಮೇಲೆ ಹೆಸರು ಬರುವುದೂ ಪಕ್ಷಗಳದೆಲ್ಲ ಆದ ಮೇಲೆ. ಸುಮ್ಮನೆ ಮಾಡಿದ ನಿಯಮಗಳೇನಲ್ಲ ಇವು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಒಂದರಲ್ಲೇ 456 ಮಂದಿ ನಿಂತಿದ್ದರು. ಮತಪತ್ರ ಹಾಸಿದರೆ ಮದುವೆ ಮನೆಯ ಜಮಖಾನದಷ್ಟಾಗುತ್ತಿತ್ತು. ಆಮೇಲೆ ಠೇವಣಿ ಏರಿತು. ತಮಾಷೆಗೆ ನಿಲ್ಲುವವರನ್ನು ತಡೆಯಲು ಕಟ್ಟಿದ ಬೇಲಿ ದುಡ್ಡಿಲ್ಲದೆ ನಿಲ್ಲುವವರನ್ನೂ ತಡೆಯುತ್ತದೆ. ಅದಿರಲಿ.

ಹೆಂಗಸರ ವಿಷಯಕ್ಕೆ ಬರುತ್ತೇನೆ. 1884ರಲ್ಲಿ ಅಮೆರಿಕದಲ್ಲಿ ಬೆಲ್ವಾ ಲಾಕ್‌ವುಡ್ ಎಂಬಾಕೆ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಆಮೇಲೆ ವಕೀಲರಾದವರು. ಅಲ್ಲಿ ಹೆಂಗಸರಿಗೆ ದೇಶದಾದ್ಯಂತ ಓಟು ಬಂದದ್ದು 1920ರಲ್ಲಿ. ಎಂದರೆ ತನ್ನ ಓಟನ್ನು ತಾನೇ ಹಾಕಿಕೊಳ್ಳಲಾಗದ ಅಭ್ಯರ್ಥಿ ಆಕೆ. ನಮ್ಮಲ್ಲಿ 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನ ಪರಿಷತ್ತಿಗೆ ಸ್ವತಂತ್ರರಾಗಿ ನಿಂತರು. ಹೆಂಗಸರು ನಿಲ್ಲಬಹುದು ಎಂಬ ಅನುಮತಿ ಆಗಷ್ಟೇ ಬಂದಿತ್ತು. ಬಹಳ ಸ್ವಲ್ಪದರಲ್ಲಿ ಸೋತರು. ಈ ಇಬ್ಬರಿಗೂ ಓಟು ಹಾಕಿದ ಗಂಡಸರಿಗೆ ಅಂದು ಎಷ್ಟು ಜನ ನಕ್ಕಿರಬೇಕು!

ಅದಕ್ಕಿಂತ ಹತ್ತಿರದ ಒಂದು ವಿಷಯವಿದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಕಾನೂನಿನ ಕಣ್ಣಿಗೆ ಅಲ್ಲಿ ನಿಂತವರೆಲ್ಲ ಪಕ್ಷೇತರರೇ. ಅರ್ಧ ಸ್ಥಾನ ಹೆಂಗಸರಿಗೆ. ಹಾಗೆ ನೋಡಿದರೆ ನಮ್ಮ ರಾಜ್ಯದಲ್ಲಿ ಪಕ್ಷೇತರರಾಗಿ ಗೆದ್ದವರಲ್ಲಿ ಅತಿ ಹೆಚ್ಚಿನವರು ಹಳ್ಳಿಯ ಹೆಂಗಸರು. ಅವರಲ್ಲಿ ಎಷ್ಟು ಮಂದಿ ನಿಜವಾಗಿ ಯಾರ ಪಕ್ಷಕ್ಕೂ ಸೇರದವರು? ಗಂಡನ ಪಕ್ಷ, ಭಾವನ ಪಕ್ಷ, ಮನೆಯ ಪಕ್ಷ ಎಂಬುದೊಂದಿದೆಯಲ್ಲ. ಅದಕ್ಕೆ ಚಿಹ್ನೆ ಬೇಕಿಲ್ಲ.

ಓಟು ಹಾಕುವವಳ ಕಥೆಯೂ ಅಷ್ಟೇ. ಗುಪ್ತ ಮತದಾನ ಎಂದು ನಾವು ಪಾಠ ಮಾಡುತ್ತೇವೆ. ರಟ್ಟಿನ ಮರೆಯ ಹಿಂದೆ ನಿಂತ ಅರ್ಧ ನಿಮಿಷ, ಬಹಳ ಮಂದಿ ಹೆಂಗಸರಿಗೆ ಬದುಕಿನಲ್ಲಿ ಯಾರೂ ಇಣುಕದ ಅರ್ಧ ನಿಮಿಷ ಅದೊಂದೇ. ಆದರೆ ಮತಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರು. ಕಾಗದದ ಓಟಿನ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಈಗ ಯಾವ ಊರಿನಲ್ಲಿ ಯಾರಿಗೆ ಎಷ್ಟು ಎಂಬುದು ಪಟ್ಟಿಯಲ್ಲೇ ಬರುತ್ತದೆ. ಆರುನೂರು ಓಟಿನ ಹಳ್ಳಿಯಲ್ಲಿ ಮೂರನೆಯವರಿಗೆ ಮೂರೇ ಓಟು ಬಿದ್ದಿದ್ದರೆ, ಆ ಮೂರು ಯಾರದೆಂದು ಅರಳಿಕಟ್ಟೆಯ ಮೇಲೆ ಸಂಜೆಯೊಳಗೆ ತೀರ್ಮಾನವಾಗುತ್ತದೆ. ತೀರ್ಮಾನ ಸರಿಯೋ ತಪ್ಪೋ, ನೀರಿನ ನಲ್ಲಿಯ ಹತ್ತಿರ ಮಾತು ನಿಲ್ಲುವುದು ಆ ಮೂವರ ಜೊತೆಗೆ. ಆತ್ಮಸಾಕ್ಷಿಯ ಓಟನ್ನು ಅನುಕೂಲಸ್ಥರ ಶೋಕಿ ಎಂದು ನಾನು ಯೋಚಿಸತೊಡಗಿದಾಗಲೆಲ್ಲ ಈ ಮೂರು ಓಟು ನೆನಪಾಗುತ್ತವೆ. ಬೆಲೆ ಗೊತ್ತಿದ್ದು, ಅದನ್ನು ತಾವೇ ತೆರಬೇಕು ಎಂಬುದೂ ಗೊತ್ತಿದ್ದು ಹಾಕಿದವು ಅವು. ನ್ಯೂಯಾರ್ಕಿನ 15,800 ಜನರಿಗೆ ಕೇಳಬೇಕಾದ ಪ್ರಶ್ನೆಯನ್ನು ಇವರಿಗೆ ಕೇಳುವ ಹಾಗಿಲ್ಲ.

ನೀವು ಏನು ಹೇಳಿಕೊಡುತ್ತೀರಿ ಹಾಗಾದರೆ, ಎಂದು ನನ್ನ ಜೊತೆಯ ಉಪನ್ಯಾಸಕರೊಬ್ಬರು ಕೇಳಿದರು. ಗೆಲ್ಲುವವರಿಗೆ ಹಾಕಿ ಎನ್ನುತ್ತೀರೋ, ಮನಸ್ಸಿಗೆ ಬಂದವರಿಗೆ ಹಾಕಿ ಎನ್ನುತ್ತೀರೋ? ಎರಡನ್ನೂ ಹೇಳುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು ಬಂದು, ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಕಲಿಸಿದವರು. ಆ ತಾಲ್ಲೂಕಿನ ಪಕ್ಕದಲ್ಲಿದ್ದುಕೊಂಡು ಉತ್ತರ ಬರೆಸುವುದು ನನಗೆ ಸಂಕೋಚ. ಲೆಕ್ಕ ಹಾಕಿ, ಆದರೆ ಲೆಕ್ಕದಲ್ಲಿ ನಿಮ್ಮೊಬ್ಬರನ್ನೇ ಸೇರಿಸಬೇಡಿ ಎಂದಷ್ಟೇ ಹೇಳುತ್ತೇನೆ. ಅವರಿಗೆ ಅದು ಪೂರ್ತಿ ತೃಪ್ತಿ ಕೊಡಲಿಲ್ಲ. ನನಗೂ ಇಲ್ಲ. ಅಮೆರಿಕದ ಮೇಯ್ನ್, ಅಲಾಸ್ಕಾ ರಾಜ್ಯಗಳಲ್ಲಿ ಮೊದಲ ಆಯ್ಕೆ ಯಾರು, ಅವರು ಸೋತರೆ ಎರಡನೆಯ ಆಯ್ಕೆ ಯಾರು ಎಂದು ಕ್ರಮವಾಗಿ ಗುರುತು ಹಾಕುವ ಪದ್ಧತಿ ತಂದಿದ್ದಾರೆ. ಅದಿದ್ದರೆ ಈ ಸಂಕಟ ಅರ್ಧ ಕಡಿಮೆ. ನಮ್ಮಲ್ಲಿ ರಾಷ್ಟ್ರಪತಿಗಳನ್ನು, ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದವರನ್ನು ಹಾಗೆಯೇ ಆರಿಸುತ್ತೇವೆ. ಮೇಷ್ಟರಿಗೆ ಕೊಟ್ಟ ಸೌಲಭ್ಯ ರೈತನಿಗೆ ಯಾಕಿಲ್ಲ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ.

ಎರಡು ಪೀರಿಯಡ್ಡು ಮುಗಿದ ಮೇಲೆ ತರಗತಿಯಲ್ಲೇ ಒಂದು ಚುನಾವಣೆ ನಡೆಸಿದೆವು. ಓಟು ಹಾಕಿದವರು ಐವತ್ತೆಂಟು ಮಂದಿ. ಇಬ್ಬರು ಹುಡುಗರು ಒಂದೊಂದು ಪಕ್ಷ ಕಟ್ಟಿಕೊಂಡರು, ಭಾಷಣ ಮಾಡಿದರು, ಗೆದ್ದರೆ ಟ್ರಿಪ್ಪಿಗೆ ಕರೆದುಕೊಂಡು ಹೋಗುವುದಾಗಿ ಇಬ್ಬರೂ ಹೇಳಿದರು. ಒಬ್ಬ ಹುಡುಗಿ ಪಕ್ಷೇತರಳಾಗಿ ನಿಂತಳು. ಗುರುತು ಜರಡಿ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಬೇಕು ಎನ್ನುವುದು ಅವಳ ಒಂದೇ ಮಾತು. ಹುಡುಗರ ಮುಂದೆ ನಿಂತು ಅದನ್ನು ಹೇಳಿದಳು ಎನ್ನುವುದೇ ದೊಡ್ಡದು. ಠೇವಣಿ ಐದು ರೂಪಾಯಿ. ಚೀಟಿಗಳನ್ನು ಬೆಂಚುವಾರು ಎಣಿಸೋಣ ಮಿಸ್, ಯಾರು ಯಾರಿಗೆ ಹಾಕಿದರು ಗೊತ್ತಾಗಲಿ ಎಂದು ಒಂದಿಬ್ಬರು ಕೂಗಿದರು. ನಾನು ಎಲ್ಲವನ್ನೂ ಒಂದು ಡಬ್ಬಿಗೆ ಸುರಿದು ಚೆನ್ನಾಗಿ ಕಲಸಿದೆ.

ಇಪ್ಪತ್ತೇಳು, ಇಪ್ಪತ್ತೆರಡು, ಒಂಬತ್ತು. ಠೇವಣಿ ಉಳಿಯಲು ಹತ್ತು ಬೇಕಿತ್ತು, ಐದು ರೂಪಾಯಿ ಹೋಯಿತು. ಗೆದ್ದ ಹುಡುಗನ ಕಡೆಯವರು ಬೆಂಚು ಬಡಿದರು. ಹುಡುಗಿ ಮಾತ್ರ ಕರಿಹಲಗೆಯ ಮೇಲಿನ ಅಂಕಿಯನ್ನೇ ನೋಡುತ್ತ ನಿಂತಿದ್ದಳು. ಬೇಜಾರಾಯಿತೇನಮ್ಮ ಎಂದೆ.

"ಇಲ್ಲ ಮಿಸ್. ನಾನು ಲೆಕ್ಕ ಹಾಕ್ಕೊಂಡಿದ್ದು ನಾಲ್ಕೇ, ನಂದೂ ಸೇರಿ. ಇನ್ನೈದು ಯಾರ್ದು?" ಎಂದು ಅವಳು ತರಗತಿಯ ಕಡೆ ತಿರುಗಿ, ಒಂದೊಂದೇ ಬೆಂಚನ್ನು ನೋಡತೊಡಗಿದಳು.